ಮಾಡಿದವರೂ ಮಾಡಿಸಿದವರೂ

ವ್ಯಾಕರಣವೆಂದೊಡನೆ ಮುಖ ಸಿಂಡರಿಸುವ ಹುಡುಗರೇ ನಮ್ಮ ಶಾಲೆಗಳಲ್ಲಿ ಹೆಚ್ಚು. ಹುಡುಗರನ್ನೇಕೆ ದೂರಬೇಕು? ವ್ಯಾಕರಣದ ತಾಸು ಬಂದಿತೆಂದರೆ ಗುರುಗಳೆನಿಸಿಕೊಂಡ ನಮ್ಮ ಮುಖವೂ ಅಷ್ಟಾಗಿ ಅರಳುವುದಿಲ್ಲ. ಸಂಧಿಗಳನ್ನು ಬಾಯಿಪಾಠ ಮಾಡಿಸಿ, ಸಮಾಸಗಳನ್ನು ಬಿಡಿಸಿ, ವಿಭಕ್ತಿಪ್ರತ್ಯಯಗಳ ಕೋಷ್ಟಕವನ್ನು ಹಲಗೆಯ ಮೇಲೆ ಬರೆದು ಮುಗಿಸಿಬಿಡುವುದು ರೂಢಿಯಾಗಿದೆ. ಆದರೆ ಈ ಒಣ ಕಟ್ಟಿಗೆಯ ಹೊರೆಯಲ್ಲಿಯೂ ಅಲ್ಲೊಂದು ಇಲ್ಲೊಂದು ಹಸಿರು ಟೊಂಗೆ ಸಿಕ್ಕುವುದುಂಟು. ಅಂಥ ಟೊಂಗೆಗಳಲ್ಲಿ ‘ಇಸು’ ಎಂಬ ಪ್ರತ್ಯಯವೊಂದು. ಎರಡೇ ಅಕ್ಷರದ ಈ ಪ್ರತ್ಯಯವು ಕೆಲವು ವರ್ಷಗಳಿಂದ ನಮ್ಮನ್ನು ಬಹಳವಾಗಿ ಕಾಡಿಸಿದೆ. ‘ಕಾಡಿಸಿದೆ’ ಎಂಬಲ್ಲಿಯೂ ಅದೇ ಬಂದು ಕುಳಿತಿರುವುದನ್ನು ಓದುಗರು ಗಮನಿಸಿರಬಹುದು. ‘ಗಮನಿಸಿ’ ಎಂಬಲ್ಲಿಯೂ ಅದೇ! ಆದರೆ ಈ ಎರಡೂ ಒಂದೇ ಜಾತಿಯವಲ್ಲ. ಆ ಮಾತು ಮುಂದೆ ಬರುವುದು.

‘ಮಾಡು’ ಎಂದರೆ ಒಬ್ಬನ ಕೆಲಸ. ‘ಮಾಡಿಸು’ ಎಂದರೆ ಇಬ್ಬರದು. ‘ಸಾವುಕಾರನು ಬಾವಿ ತೋಡಿಸಿದನು’ ಎಂಬ ಮೂರು ಶಬ್ದದ ವಾಕ್ಯದಲ್ಲಿ ಕಣ್ಣಿಗೆ ಬೀಳುವವನು ಸಾವುಕಾರನೊಬ್ಬನೇ. ಗುದ್ದಲಿ ಹಿಡಿದು ಬಿಸಿಲಲ್ಲಿ ಬೆವರು ಸುರಿಸಿದವನ ಹೆಸರು ವಾಕ್ಯದಲ್ಲಿಲ್ಲ. ಹೆಸರಿಲ್ಲವೆಂದ ಮಾತ್ರಕ್ಕೆ ಅವನು ಇಲ್ಲವೆಂದಲ್ಲ. ‘ಇಸು’ ಎಂಬುದರ ಹಿಂದೆ ಅವನು ನಿಂತೇ ಇರುವನು. ‘ತೋಡಿದನು’ ಎಂದಿದ್ದರೆ ಸಾವುಕಾರನೇ ಗುದ್ದಲಿ ಹಿಡಿದನೆಂದಾಗುತ್ತಿತ್ತು. ಸಂಸ್ಕೃತದ ವೈಯಾಕರಣರು ಮಾಡಿಸುವವನನ್ನು ಪ್ರಯೋಜಕನೆಂದೂ ಅವನ ಪ್ರೇರಣೆಯಿಂದ ಮಾಡುವವನನ್ನು ಪ್ರಯೋಜ್ಯನೆಂದೂ ಕರೆದರು. ಮರಾಠಿಯವರು ಆ ಹೆಸರನ್ನೇ ಉಳಿಸಿಕೊಂಡು ‘ಪ್ರಯೋಜಕ ಕ್ರಿಯಾಪದ’ ಎನ್ನುತ್ತಾರೆ. ನಾವು ‘ಪ್ರೇರಣಾರ್ಥಕ ಕ್ರಿಯಾಪದ’ ಎನ್ನುತ್ತೇವೆ. ಹದಿಮೂರನೆಯ ಶತಮಾನದ ಕೇಶಿರಾಜನ ಕಾಲದ ಕನ್ನಡದಿಂದ ಇಂದಿನ ಹುಡುಗರ ಕನ್ನಡದವರೆಗೆ ಎಷ್ಟೋ ಪ್ರತ್ಯಯಗಳು ಸವೆದು ಹೋಗಿವೆ, ಎಷ್ಟೋ ರೂಪ ಬದಲಿಸಿವೆ. ‘ಇಸು’ ಮಾತ್ರ ಇದ್ದಂತೆಯೇ ಇದೆ.

ಇದನ್ನು ಹಚ್ಚುವ ಬಗೆ ಕಠಿಣವಲ್ಲ. ಮಾಡು, ಓದು, ಕಟ್ಟು, ನಗು ಎಂಬ ಉಕಾರಾಂತ ಧಾತುಗಳ ಕೊನೆಯ ಸ್ವರ ಲೋಪವಾಗಿ ಮಾಡಿಸು, ಓದಿಸು, ಕಟ್ಟಿಸು, ನಗಿಸು ಎಂದಾಗುತ್ತವೆ. ‘ಬರೆ’ ಎಂಬುದಕ್ಕೆ ನಡುವೆ ಯಕಾರ ಬಂದು ‘ಬರೆಯಿಸು’ ಎಂದಾಗಿ, ಅದೇ ಸವೆದು ‘ಬರೆಸು’ ಎಂದಾಗುವುದು. ನಮ್ಮ ಸೀಮೆಯ ಆಡುಮಾತಿನಲ್ಲಿ ಇನ್ನೂ ಸವೆದು ‘ಬರಸು’ ಎಂದು ನಿಲ್ಲುವುದು. ಕೆಲವು ಧಾತುಗಳು ಮಾತ್ರ ಹೇಳಿದಂತೆ ಕೇಳುವುದಿಲ್ಲ. ‘ಏಳು’ ಎಂಬುದಕ್ಕೆ ‘ಏಳಿಸು’ ಎಂದು ಬರೆದ ಹುಡುಗಿಗೆ ‘ಎಬ್ಬಿಸು’ ಎಂದು ತಿದ್ದಬೇಕಾಗುತ್ತದೆ. ‘ಹೋಗು’ ಎಂಬುದಕ್ಕೆ ‘ಹೋಗಿಸು’ ಎಂದು ಯಾರೂ ಅನ್ನುವುದಿಲ್ಲ. ‘ಕಳಿಸು’ ಎಂಬ ಬೇರೆಯೇ ಧಾತು ಆ ಜಾಗದಲ್ಲಿ ಬಂದು ನಿಲ್ಲುತ್ತದೆ. ‘ನೋಡು’ ಎಂಬುದಕ್ಕೆ ‘ತೋರಿಸು’. ಹುಡುಗರಿಗೆ ಎಲ್ಲಕ್ಕಿಂತ ಮೋಜೆನಿಸುವುದು ‘ಅಳಿಸು’ ಎಂಬ ಶಬ್ದ. ‘ಅಳಿ’ ಎಂಬುದರಿಂದ ಬಂದರೆ ಹಲಗೆಯನ್ನು ಅಳಿಸಬಹುದು. ‘ಅಳು’ ಎಂಬುದರಿಂದ ಬಂದರೆ ಪಕ್ಕದವನನ್ನು ಅಳಿಸಬಹುದು. ಎರಡನ್ನೂ ಮಾಡಿ ತೋರಿಸಲು ತರಗತಿಯಲ್ಲಿ ಸ್ವಯಂಸೇವಕರಿಗೆ ಬರಗಾಲವಿಲ್ಲ.

ಪರೀಕ್ಷೆಯಲ್ಲಿ ಗುಣ ಕಳೆದುಕೊಳ್ಳುವ ಜಾಗ ಬೇರೆ ಇದೆ. ಪ್ರೇರಣಾರ್ಥಕ ಕ್ರಿಯಾಪದಗಳನ್ನು ಬರೆಯಿರೆಂದರೆ ಹುಡುಗರು ಪ್ರೀತಿಸು, ಚಿಂತಿಸು, ಗಮನಿಸು ಎಂದು ಬರೆದುಬಿಡುತ್ತಾರೆ. ಇಲ್ಲಿ ‘ಇಸು’ ಇದೆ, ಪ್ರೇರಣೆ ಇಲ್ಲ. ‘ಇಸು’ವನ್ನು ಕಿತ್ತು ನೋಡಿದರೆ ಉಳಿಯುವುದು ಪ್ರೀತಿ, ಚಿಂತೆ, ಗಮನ ಎಂಬ ನಾಮಪದ. ನಾಮಪದಕ್ಕೆ ಕಾಲು ಕೊಟ್ಟು ನಡೆಯುವಂತೆ ಮಾಡಿದ್ದಷ್ಟೇ ಇಲ್ಲಿ ‘ಇಸು’ವಿನ ಕೆಲಸ. ಕಿತ್ತ ಮೇಲೆ ಧಾತು ಉಳಿದರೆ ಮಾತ್ರ ಇಬ್ಬರು ಇದ್ದಾರೆಯೋ ಎಂದು ಹುಡುಕಬೇಕು. ಆಗಲೂ ಇಬ್ಬರು ಸಿಕ್ಕೇ ಸಿಕ್ಕುವರೆಂಬ ಭರವಸೆಯಿಲ್ಲ. ‘ಗಂಟೆ ಕೇಳಿಸಿತು’, ‘ಗುಡ್ಡ ಕಾಣಿಸಿತು’ ಎನ್ನುವಾಗ ಕೇಳಿಸಿದವರು ಯಾರು, ಕಾಣಿಸಿದವರು ಯಾರು? ‘ನಮಗೆ ಹೀಗೆನಿಸುತ್ತದೆ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ‘ಎನ್ನು’ ಎಂಬ ಧಾತುವಿಗೆ ‘ಇಸು’ ಹಚ್ಚಿಯೇ ಹೇಳುತ್ತೇವೆ. ಹಾಗೆ ಅನ್ನುವಂತೆ ನಮ್ಮನ್ನು ಪ್ರೇರಿಸುವವರು ಯಾರೆಂದು ಕನ್ನಡ ಹೇಳುವುದಿಲ್ಲ. ನಾವೂ ಕೇಳಲು ಹೋಗುವುದಿಲ್ಲ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ನಾಲ್ಕನೆಯ ಇಯತ್ತೆಯ ಎರಡು ನಿಬಂಧಗಳ ಸಲುವಾಗಿ. ವಿಷಯ ‘ನಮ್ಮ ಮನೆ’. ಒಬ್ಬ ಹುಡುಗ ಬರೆದಿದ್ದನು: ‘ನಮ್ಮ ಅಪ್ಪ ಎರಡು ಅಂತಸ್ತಿನ ಮನೆ ಕಟ್ಟಿದರು. ಅದರಲ್ಲಿ ನಾವು ಇರುತ್ತೇವೆ.’ ಇನ್ನೊಬ್ಬನು ಬರೆದಿದ್ದನು: ‘ನಮ್ಮ ಅಪ್ಪ ಮಿರಜದಲ್ಲಿ ದೊಡ್ಡ ಮನೆ ಕಟ್ಟಿದರು. ನಾವು ತಗಡಿನ ಮನೆಯಲ್ಲಿ ಇರುತ್ತೇವೆ.’ ಮೊದಲನೆಯವನ ತಂದೆ ದ್ರಾಕ್ಷಿ ತೋಟದ ಒಡೆಯರು. ಎರಡನೆಯವನ ತಂದೆ ಗೌಂಡಿ ಕೆಲಸದವರು. ನಾವು ಕೆಂಪು ಶಾಯಿಯಿಂದ ಮೊದಲಿನದನ್ನು ‘ಕಟ್ಟಿಸಿದರು’ ಎಂದು ತಿದ್ದಿ, ಎರಡನೆಯದನ್ನು ಇದ್ದಂತೆಯೇ ಬಿಟ್ಟೆವು. ವಹಿಗಳು ಕೈಗೆ ಬಂದೊಡನೆ ಹುಡುಗರು ಒಬ್ಬರದನ್ನೊಬ್ಬರು ನೋಡುವುದು ಲೋಕರೂಢಿಯಷ್ಟೇ. ತೋಟದವರ ಹುಡುಗ ಎದ್ದು ನಿಂತನು. “ಗುರುಗಳ, ಇವರ ಅಪ್ಪಗ ಕಟ್ಟಿದರು, ನಮ್ಮಪ್ಪಗ ಯಾಕ ಕಟ್ಟಿಸಿದರು? ರೊಕ್ಕಾ ಕೊಟ್ಟಾಂವ ನಮ್ಮಪ್ಪನ ಅಲ್ಲರಿ?” ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು. ರೊಕ್ಕ ಕೊಟ್ಟಿದ್ದಕ್ಕೇ ‘ಕಟ್ಟಿಸಿದರು’ ಎಂದು ಹೇಳಿದೆವು. ಅಷ್ಟರಲ್ಲಿ ಗೌಂಡಿಯ ಹುಡುಗ ಕುಳಿತಲ್ಲಿಂದಲೇ ಕೇಳಿದನು: “ಹಂಗಾದ್ರ ದೊಡ್ಡದು ಯಾವದರೀ? ಕಟ್ಟಿದ್ದೋ, ಕಟ್ಟಿಸಿದ್ದೋ?” ವ್ಯಾಕರಣದಲ್ಲಿ ದೊಡ್ಡದು ಸಣ್ಣದು ಇಲ್ಲ, ‘ಕಟ್ಟಿಸಿದರು’ ಒಂದಕ್ಷರ ಉದ್ದವಿದೆ ಅಷ್ಟೇ ಎಂದೆವು. ಅವನು ಬೆರಳು ಮಡಿಸಿ ಅಕ್ಷರ ಎಣಿಸಿ ನೋಡಿ ಸಮಾಧಾನಪಟ್ಟನು. ನಾವು ಮಾತ್ರ ಆ ಪ್ರಶ್ನೆಯನ್ನು ಮನೆಗೆ ಕಟ್ಟಿಕೊಂಡು ಬಂದೆವು.

ನಾವಿರುವ ಮಾಲಗಾಂವ ಮಿರಜ ತಾಲೂಕಿನದು. ಕನ್ನಡವೂ ಮರಾಠಿಯೂ ಒಂದೇ ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಹಾಕುವ ಸೀಮೆಯಿದು. ಹುಡುಗರ ಕನ್ನಡದಲ್ಲಿ ‘ಕಟ್ಟಿಸಿದರು’ ಇರಬೇಕಾದಲ್ಲಿ ‘ಕಟ್ಟಿದರು’ ಬರುವುದಕ್ಕೆ ಮರಾಠಿಯ ನೆರಳು ಒಂದು ಕಾರಣವೆಂದು ತೋರುತ್ತದೆ. ಮರಾಠಿಯಲ್ಲಿ ‘ವಡಿಲಾಂನೀ ಘರ ಬಾಂಧಲೇ’ ಎಂದರೆ ತಂದೆಯೇ ಇಟ್ಟಿಗೆ ಇಟ್ಟರೆಂದು ಯಾರೂ ತಿಳಿಯುವುದಿಲ್ಲ. ‘ಕೇಸ ಕಾಪೂನ ಆಲೋ’ ಎಂದರೆ ಹಜಾಮನ ಅಂಗಡಿಗೆ ಹೋಗಿ ಬಂದೆನೆಂದೇ ಅರ್ಥ. ಕನ್ನಡವು ಇಲ್ಲಿ ಹೆಚ್ಚು ಬಿಗಿ. ಅಂಗಿ ಹೊಲಿಸಬೇಕು, ಬಾವಿ ತೋಡಿಸಬೇಕು, ಕ್ಷೌರ ಮಾಡಿಸಿಕೊಳ್ಳಬೇಕು. ‘ಅಂಗಿ ಹೊಲಿದೆ’ ಎಂದರೆ ಸೂಜಿದಾರ ಎಲ್ಲಿ ಎಂದು ಕೇಳುತ್ತದೆ. ‘ಅಪ್ಪ ಪಾಟಿ ಕೊಡಿಸಿದ’ ಎಂಬಲ್ಲಿ ಪಾಟಿ ಕೊಟ್ಟವನು ಅಂಗಡಿಕಾರ, ಕೊಡುವಂತೆ ಮಾಡಿದವನು ಅಪ್ಪ. ಅಂಗಡಿಕಾರನಿಗೂ ಕನ್ನಡ ತನ್ನ ಕ್ರಿಯಾಪದದಲ್ಲಿ ಒಂದು ಮೂಲೆ ಬಿಟ್ಟಿದೆ. ಆದರೆ ಈ ಅಭಿಮಾನವನ್ನು ಬಹಳ ಎಳೆಯಲಾಗದು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮದೇ. ಅಲ್ಲಿ ‘ಕಟ್ಟಿಸಿ ನೋಡು’ ಎಂದಿಲ್ಲ. ಮರಾಠಿಯಲ್ಲಿಯೂ ಅದೇ ಗಾದೆಯುಂಟು, ಅಲ್ಲಿಯೂ ಇಲ್ಲ. ಗಾದೆ ಕಟ್ಟಿದವರಿಗೆ ಸಾಲದ ಬಿಸಿ ಮುಟ್ಟಿದವನೇ ಕಟ್ಟಿದವನೆಂದು ತೋರಿರಬೇಕು.

ಮರಾಠಿಯ ಪ್ರಯೋಜಕವು ಸಾಮಾನ್ಯವಾಗಿ ‘ವ’ ಎಂಬ ಅಕ್ಷರದಿಂದ ಆಗುತ್ತದೆ. ಕರಣೇ, ಕರವಿಣೇ, ಬಸಣೇ, ಬಸವಿಣೇ, ಶಿಕಣೇ, ಶಿಕವಿಣೇ. ಕೆಲವೆಡೆ ಸ್ವರವೇ ಬದಲಾಗಿ ಪಡಣೇ ಎಂಬುದು ಪಾಡಣೇ ಆಗುತ್ತದೆ. ಕುಡಿಯುವುದು ‘ಪಿಣೇ’, ಕುಡಿಸುವುದು ‘ಪಾಜಣೇ’. ಇಲ್ಲಿಯವರೆಗೆ ನಮಗೂ ಅವರಿಗೂ ಜಗಳವಿಲ್ಲ. ತೊಡಕು ಬರುವುದು ಆ ‘ವ’ಕಾರಕ್ಕೆ ಇನ್ನೊಂದು ಕೆಲಸವಿರುವುದರಿಂದ. ‘ಆಜೀಲಾ ಆತಾ ಚಾಲವತ ನಾಹೀ’ ಎಂದರೆ ಅಜ್ಜಿಗೆ ಈಗ ನಡೆಯಲಾಗುವುದಿಲ್ಲ ಎಂದರ್ಥ. ಮರಾಠಿ ವೈಯಾಕರಣರು ಇದಕ್ಕೆ ಶಕ್ಯ ಕ್ರಿಯಾಪದವೆಂದು ಹೆಸರಿಟ್ಟಿದ್ದಾರೆ. ನಡೆಸುವ ಶಕ್ತಿಯೂ ನಡೆಯುವ ಶಕ್ತಿಯೂ ಒಂದೇ ಅಕ್ಷರದಲ್ಲಿ! ನಮ್ಮ ಹುಡುಗಿಯೊಬ್ಬಳು ಮರಾಠಿ ತಾಸಿನಿಂದ ಎದ್ದು ಬಂದು ಕನ್ನಡ ತಾಸಿನಲ್ಲಿ ‘ಅಜ್ಜಿಗೆ ಈಗ ನಡೆಸುವುದಿಲ್ಲ’ ಎಂದು ಬರೆದಳು. ತಪ್ಪೇನೋ ಹೌದು. ಆದರೆ ಎರಡು ಭಾಷೆಗಳನ್ನು ಚೆನ್ನಾಗಿ ಬಲ್ಲವರು ಮಾತ್ರ ಮಾಡಬಲ್ಲ ತಪ್ಪು. ಅದಕ್ಕೆ ನಾವು ಗುಣ ಕಡಿಮೆ ಮಾಡಲಿಲ್ಲ.

ಕನ್ನಡದ ‘ಇಸು’ವೂ ಮರಾಠಿಯ ‘ವ’ವೂ ಅಕ್ಕಪಕ್ಕ ಕಲ್ಲಿನಲ್ಲಿ ಕುಳಿತಿರುವ ಸ್ಥಳವೊಂದುಂಟು. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಅಡಿಯಲ್ಲಿ. ಸಾಂಗಲಿ, ಕೊಲ್ಹಾಪುರ, ಬೆಳಗಾವಿ ಸೀಮೆಯ ಜೈನ ರೈತರಿಗೆ ಅದು ಪರಮ ಯಾತ್ರಾಸ್ಥಳ. 2018ರ ಮಹಾಮಸ್ತಕಾಭಿಷೇಕಕ್ಕೆ ಹೋದವರ ಗುಂಪಿನಲ್ಲಿ ನಾವೂ ಇದ್ದೆವು. ಐವತ್ತೇಳು ಅಡಿಯ ಆ ಮೂರ್ತಿಯ ಮುಖವನ್ನು ನೋಡುತ್ತ ಎಲ್ಲರ ಕತ್ತು ಮೇಲಾಗಿದ್ದರೆ, ನಮ್ಮ ಕತ್ತು ಮಾತ್ರ ಕೆಳಗೆ. ಪಾದದ ಬದಿಯಲ್ಲಿ ಚಿಕ್ಕ ಚಿಕ್ಕ ಸಾಲುಗಳಲ್ಲಿ ಶಾಸನಗಳಿವೆ. ಗಂಗರ ಮಂತ್ರಿಯಾದ ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯಲ್ಲಿ ಮೂರ್ತಿಯನ್ನು ಮಾಡಿಸಿದ ಸಂಗತಿ ಕನ್ನಡ, ತಮಿಳು, ಮರಾಠಿ ಎಂಬ ಮೂರು ಭಾಷೆಗಳಲ್ಲಿ ಇದೆ. ಕನ್ನಡದಲ್ಲಿ ‘ಮಾಡಿಸಿದಂ’, ತಮಿಳಿನಲ್ಲಿ ‘ಶೆಯ್ವಿತ್ತಾನ್’, ನಾಗರೀ ಲಿಪಿಯ ಮರಾಠಿಯಲ್ಲಿ ‘ಕರವಿಯಲೇಂ’. ಮೂರು ಭಾಷೆಗಳಲ್ಲಿಯೂ ಪ್ರೇರಣಾರ್ಥಕವೇ! ಮುಂದೆ ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಸುತ್ತಾಲಯವನ್ನು ಮಾಡಿಸಿದ. ಆ ಮಾತು ಬರುವಲ್ಲಿಯೂ ಅದೇ ಕ್ರಿಯಾಪದ. ಮರಾಠಿ ಭಾಷೆಯ ಅತಿ ಹಳೆಯ ಬರಹಗಳನ್ನು ಹುಡುಕುವ ವಿದ್ವಾಂಸರು ಈ ಸಾಲುಗಳ ಕಾಲವನ್ನು ಕುರಿತು ವಾದ ಮಾಡುತ್ತ ಬಂದಿದ್ದಾರೆ. ಆ ವಾದದಲ್ಲಿ ನಮಗೆ ಪ್ರವೇಶವಿಲ್ಲ. ನಮ್ಮ ಸೀಮೆಯ ಎರಡೂ ಭಾಷೆಗಳು ಆ ಕಲ್ಲಿನ ಮೇಲೆ ಕೂಡಿ ಹೇಳಿದ ಮಾತು ‘ಮಾಡಿಸಿದ’ ಎಂಬುದಾಗಿದೆ, ‘ಮಾಡಿದ’ ಎಂಬುದಲ್ಲ ಎಂಬಷ್ಟೇ ನಮ್ಮ ಸಂತೋಷ.

ಅಲ್ಲಿ ನಿಂತಾಗ ಗೌಂಡಿಯ ಹುಡುಗನಂಥವರೇ ನೆನಪಿಗೆ ಬರುತ್ತಾರೆ. ಆ ಸಾಲುಗಳಲ್ಲಿ ಉಳಿ ಹಿಡಿದವರ ಹೆಸರಿಲ್ಲ. ಎಷ್ಟು ಜನ, ಎಷ್ಟು ವರುಷ, ಯಾವ ಅಟ್ಟಣಿಗೆಯ ಮೇಲೆ ನಿಂತು ಆ ಕಿವಿಗಳನ್ನು, ಆ ತುಟಿಯನ್ನು ಕೊರೆದರೋ! ಅವರೆಲ್ಲರೂ ‘ಇಸು’ ಎಂಬುದರೊಳಗೆ ಅಡಗಿದ್ದಾರೆ. ಎಲ್ಲೆಡೆಯೂ ಹೀಗಾಯಿತೆಂದಲ್ಲ. ಪಟ್ಟದಕಲ್ಲಿನಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಮಾಡಿಸಿದ, ಈಗ ವಿರೂಪಾಕ್ಷನ ಗುಡಿಯೆನಿಸಿಕೊಂಡ ದೇವಾಲಯದ ಶಾಸನ ಸೂತ್ರಧಾರಿ ಗುಂಡನನ್ನು ಹೆಸರಿಸಿ, ಅವನಿಗೆ ತ್ರಿಭುವನಾಚಾರ್ಯನೆಂಬ ಬಿರುದು ಸಂದುದನ್ನು ಹೇಳುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೇ ಮೊದಲಾದ ರೂವಾರಿಗಳು ತಮ್ಮ ಹೆಸರನ್ನು ತಾವೇ ಕೊರೆದಿಟ್ಟಿದ್ದಾರೆ. ಮಾಡಿಸಿದವರ ಹೆಸರಿನೊಡನೆ ಮಾಡಿದವರ ಹೆಸರಿಗೂ ಒಂದಿಷ್ಟು ಕಲ್ಲು ಸಿಕ್ಕಿತು. ಈ ಸಂಗತಿಯನ್ನು ಮರುವಾರ ತರಗತಿಯಲ್ಲಿ ಹೇಳಿದೆವು. ಆ ದಿನ ಮಧ್ಯಾಹ್ನದ ಸೂಟಿಯಲ್ಲಿ ಶಾಲೆಯ ಹಿಂದಿನ ಗೋಡೆಯ ಮೇಲೆ ಐದಾರು ಹೆಸರುಗಳು ಮೊಳೆಯಿಂದ ಕೆತ್ತಲ್ಪಟ್ಟವು.

ಈಗ ಸ್ವಲ್ಪ ದೂರದ ಮಾತು. ನಮಗೆ ಪರಿಚಯದ ಮನೆಯ ಹುಡುಗನೊಬ್ಬನು ವೈದ್ಯಕೀಯ ಓದಲು ಫಿಲಿಪೈನ್ಸ್ ದೇಶಕ್ಕೆ ಹೋಗಿದ್ದಾನೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದಿಂದ ಬಹಳ ಹುಡುಗರು ಅಲ್ಲಿಗೆ ಹೋಗುತ್ತಿದ್ದಾರೆ. ಕನ್ನಡಿಗರಿಗೆ ಆ ದೇಶದ ಹೆಸರು ಕಿವಿಗೆ ಬಿದ್ದದ್ದು ಹೆಚ್ಚಾಗಿ ಮನಿಲಾದ ಮ್ಯಾಗಸೇಸೆ ಪ್ರಶಸ್ತಿಯಿಂದ; 1991ರಲ್ಲಿ ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರಿಗೆ ಅದು ಸಂದಿತು. ಅಲ್ಲಿ ಹಲವು ಭಾಷೆಗಳಿವೆ. 1937ರಲ್ಲಿ ಟಗಾಲೊಗ್ ಭಾಷೆಯನ್ನು ರಾಷ್ಟ್ರಭಾಷೆಗೆ ತಳಹದಿಯಾಗಿ ಆರಿಸಿದರು. 1987ರ ಸಂವಿಧಾನವು ಆ ರಾಷ್ಟ್ರಭಾಷೆಯನ್ನು ಫಿಲಿಪಿನೊ ಎಂದು ಕರೆಯಿತು. ರಜೆಗೆ ಬಂದ ಹುಡುಗನು ರೋಗಿಗಳೊಡನೆ ಮಾತಾಡಲೆಂದು ತಾನು ಕಲಿತ ಆ ಭಾಷೆಯ ಮಾತುಗಳನ್ನು ನಮ್ಮ ಎದುರು ಹರವಿದನು. ಗುರುವಿಗೆ ಅಲ್ಲಿ ‘ಗುರೊ’ ಎನ್ನುತ್ತಾರಂತೆ. ನಮ್ಮ ಸಂಸ್ಕೃತದ ಗುರುವೇ ಹಡಗು ಹತ್ತಿ ಅಲ್ಲಿಯವರೆಗೆ ಹೋಗಿದ್ದಾನೆ! ಅದನ್ನು ಕೇಳಿ ನಾವು ಉಬ್ಬಿದ್ದು ನಿಜ. ಆದರೆ ನಮ್ಮನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಅವರ ‘ಪಾ’ ಎಂಬ ಅಕ್ಷರ.

ಕನ್ನಡ ಪ್ರೇರಣೆಯನ್ನು ಧಾತುವಿನ ಬಾಲಕ್ಕೆ ಕಟ್ಟುತ್ತದೆ. ಅವರು ತಲೆಗೆ ಕಟ್ಟುತ್ತಾರೆ. ‘ಕಾಯಿನ್’ ಎಂದರೆ ತಿನ್ನುವುದು. ಅದಕ್ಕೆ ‘ಪಾ’ ಮುಂದೆ ಬಂದರೆ ತಿನ್ನಿಸುವುದು. ಅಷ್ಟಕ್ಕೇ ಮುಗಿಯುವುದಿಲ್ಲ. ‘ಮಾಗ್‌ಪಾಕಾಯಿನ್’ ಎಂದರೆ ಮಾತಿನ ಕಣ್ಣು ತಿನ್ನಿಸುವವಳ ಮೇಲೆ. ‘ಪಾಕಾಯಿನಿನ್’ ಎಂದರೆ ತಿನ್ನುವ ಕೂಸಿನ ಮೇಲೆ. ‘ಇಪಾಕಾಯಿನ್’ ಎಂದರೆ ತಿನ್ನಿಸಿದ ಅನ್ನದ ಮೇಲೆ. ತುತ್ತು ಒಂದೇ, ತಾಯಿ ಒಬ್ಬಳೇ, ಕೂಸೂ ಒಂದೇ. ಯಾರನ್ನು ಮುಂದೆ ನಿಲ್ಲಿಸಿ ಹೇಳುತ್ತೀರಿ ಎಂಬುದನ್ನು ಕ್ರಿಯಾಪದವೇ ತನ್ನ ಉಡುಪು ಬದಲಿಸಿ ತ��ರಿಸುತ್ತದೆ. ನಾವು ಅದನ್ನೇ ನಾಮಪದದ ವಿಭಕ್ತಿಗಳ ಮೇಲೆ ಹೊರಿಸಿದ್ದೇವೆ, ಆದರೆ ಬೇರೊಂದು ಲೆಕ್ಕದಿಂದ. ತಾಯಿ ಕೂಸನ್ನು ಮಲಗಿಸುತ್ತಾಳೆ, ಕೂಸಿಗೆ ಹಾಲು ಕುಡಿಸುತ್ತಾಳೆ, ಕೂಸು ದೊಡ್ಡದಾದ ಮೇಲೆ ಅದರಿಂದ ಕಸ ಗುಡಿಸುತ್ತಾಳೆ. ಮೂರರಲ್ಲಿಯೂ ಕೆಲಸ ಮಾಡುವುದು ಕೂಸೇ. ಆದರೂ ದ್ವಿತೀಯಾ, ಚತುರ್ಥೀ, ತೃತೀಯಾ ಎಂದು ಮೂರು ಬಗೆ. ನಿದ್ದೆ ಮಾಡುವ ಕೂಸು ಕೈಯಲ್ಲಿ ಹಿಡಿದ ವಸ್ತುವಿನಂತೆ. ಹಾಲು ಕುಡಿಯುವ ಕೂಸಿಗೆ ಏನೋ ಒಂದು ಒಳಗೆ ಸೇರುತ್ತದೆ. ಕಸ ಗುಡಿಸುವ ಮಗು ಬರೀ ಸಾಧನ, ಕೊಡಲಿಯಿಂದ ಕಡಿ ಎಂಬಲ್ಲಿಯ ಕೊಡಲಿಯ ಹಾಗೆ. ಶಾಲೆಗೂ ಇದು ಹೊಂದುತ್ತದೆ. ಹುಡುಗನಿಂದ ಪಾಠ ಓದಿಸುತ್ತೇವೆ, ಹುಡುಗನಿಗೆ ಪಾಠ ಕಲಿಸುತ್ತೇವೆ. ಓದಿಸಿದ್ದು ಹೊರಗೆ ಬಂತು, ಕಲಿಸಿದ್ದು ಒಳಗೆ ಹೋಯಿತು. ಪ್ರತ್ಯಯಗಳ ಕೋಷ್ಟಕದಲ್ಲಿ ಇದು ಕಾಣುವುದಿಲ್ಲ.

ಆ ಹುಡುಗನು ಹೇಳಿದ ಇನ್ನೆರಡು ಮಾತುಗಳು. ಕ್ಷೌರ ಮಾಡಿಸಿಕೊಳ್ಳುವುದಕ್ಕೆ ಅವರು ‘ಮಾಗ್‌ಪಾಗುಪಿತ್’ ಎನ್ನುತ್ತಾರೆ. ಅವರೂ ನಮ್ಮಂತೆ ಹಜಾಮನನ್ನು ಮರೆಯದವರು. ಎರಡನೆಯದು ‘ಮಾಗ್‌ಪಾಆರಾಲ್’. ‘ಆರಾಲ್’ ಎಂದರೆ ಓದು, ಪಾಠ. ‘ಪಾ’ ಸೇರಿದರೆ ಓದಿಸುವುದೆಂದಾಗಬೇಕು, ಆಗುತ್ತದೆ ಕೂಡ. ಆದರೆ ಅದನ್ನು ಹೇಳುವುದು ಶಾಲೆಯಲ್ಲಿ ಪಾಠ ಹೇಳುವ ಗುರೊವನ್ನು ಕುರಿತಲ್ಲ. ದುಡಿದು, ದೂರದೇಶಕ್ಕೆ ಹೋಗಿ ಸಂಪಾದಿಸಿ, ಮಕ್ಕಳ ಅಥವಾ ತಮ್ಮ ತಂಗಿಯರ ಓದಿನ ಖರ್ಚು ಹೊರುವವರನ್ನು ಕುರಿತು. ನಾವು ‘ಹಾ!’ ಎಂದೆವು. ಏಕೆಂದರೆ ಅದು ನಮ್ಮದೇ ಮಾತು. ‘ಅಪ್ಪ ನನ್ನನ್ನು ಓದಿಸಿದ’ ಎಂದು ನಮ್ಮ ಜನ ಹೇಳುವಾಗ ಆ ಅಪ್ಪನಿಗೆ ಓದು ಬರುತ್ತಿತ್ತೆಂದು ಯಾರೂ ತಿಳಿಯುವುದಿಲ್ಲ. ‘ನಮ್ಮವ್ವ ನನಗ ಸಾಲಿ ಕಲಿಸ್ಯಾಳ’ ಎನ್ನುವವನ ಅವ್ವ ಸಾಲಿಯ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ಮರಾಠಿಯಲ್ಲಿ ‘ಶಿಕವಿಲೇ’ ಎಂಬುದಕ್ಕೂ ಈ ಎರಡೂ ಅರ್ಥಗಳುಂಟು. ಕನ್ನಡ, ಮರಾಠಿ, ಫಿಲಿಪಿನೊ ಒಂದಕ್ಕೊಂದು ನಂಟಿಲ್ಲದ ಮೂರು ಮನೆತನಗಳು. ಆದರೂ ಮೂರೂ ಭಾಷೆಗಳಲ್ಲಿ ಕೂಲಿ ಮಾಡಿ ಫೀ ತುಂಬಿದವರು ಕಲಿಸಿದವರೆನಿಸಿಕೊಂಡಿದ್ದಾರೆ.

ಗುರುಗಳ ಹೆಸರುಗಳಲ್ಲಿಯೂ ಪ್ರೇರಣೆಯೇ ಅಡಗಿದೆ. ‘ಅಧ್ಯಾಪಕ’ ಎಂಬುದು ಸಂಸ್ಕೃತದ ಪ್ರೇರಣಾರ್ಥಕ ರೂಪದಿಂದ ಬಂದ ಶಬ್ದ: ಅಧ್ಯಯನ ಮಾಡುವವನಲ್ಲ, ಮಾಡಿಸುವವನು. ‘ಸ್ಥಾಪಿಸು’ ಎಂಬಲ್ಲಿ ಕಾಣುವ ಪಕಾರವೇ ಇಲ್ಲಿಯದೂ. ಅಧ್ಯಯನ ಮಾಡಬೇಕಾದವನು ಹುಡುಗ. ಅವನು ಕಲಿಯದೆ ನಾವು ಕಲಿಸಿದೆವೆಂದು ಹೇಳಲು ವ್ಯಾಕರಣದಲ್ಲಿ ಅವಕಾಶವಿದೆಯೇ ಎಂದು ತರಬೇತಿ ಶಾಲೆಯಲ್ಲಿದ್ದಾಗಲೇ ಗೆಳೆಯರೊಡನೆ ವಾದ ನಡೆಯುತ್ತಿತ್ತು. ‘ಕೊಂದನು, ಆದರೆ ಅವನು ಸಾಯಲಿಲ್ಲ’ ಎಂಬ ವಾಕ್ಯ ನಿಲ್ಲುವುದಿಲ್ಲ. ‘ಕಲಿಸಿದೆ, ಆದರೆ ಅವನು ಕಲಿಯಲಿಲ್ಲ’ ಎಂಬ ವಾಕ್ಯ ಮಾತ್ರ ಎಲ್ಲ ಶಾಲೆಗಳಲ್ಲಿಯೂ ಸುಖವಾಗಿ ನಿಲ್ಲುತ್ತದೆ.

ಈ ಎರಡು ಅರ್ಥದ ‘ಕಲಿಸು’ ಹೋದ ಬೇಸಿಗೆಯಲ್ಲಿ ನಮ್ಮ ಎದುರಿಗೇ ಬಂದು ಕುಳಿತಿತು. ನಾಲ್ಕನೆಯ ಇಯತ್ತೆ ಮುಗಿಸಿದ ಹುಡುಗಿಯೊಬ್ಬಳನ್ನು ಮರಾಠಿ ಶಾಲೆಗೆ ಹಾಕುವೆನೆಂದು ಅವಳ ತಾಯಿ ಬಂದಳು. ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುವವಳು. ‘ಅಜ್ಜಿಗೆ ನಡೆಸುವುದಿಲ್ಲ’ ಎಂದು ಬರೆದ ಹುಡುಗಿ ಇವಳೇ. ಕನ್ನಡ ಓದುವುದರಲ್ಲಿ ತರಗತಿಗೇ ಮೊದಲಿಗಳು. ನಾವು ಹೇಳುವಷ್ಟು ಹೇಳಿದೆವು. ಪುಣೆಯ ಬಾಲಭಾರತಿಯವರು ಮಹಾರಾಷ್ಟ್ರದ ಕನ್ನಡ ಶಾಲೆಗಳಿಗಾಗಿಯೇ ಪುಸ್ತಕಗಳನ್ನು ಅಚ್ಚು ಹಾಕಿಸುತ್ತಾರೆ. 2020ರ ಕಾಯಿದೆಯಂತೆ ಯಾವ ಮಾಧ್ಯಮದ ಶಾಲೆಯಾದರೂ ಮರಾಠಿ ಕಲಿಯಲೇಬೇಕು. ಆದ್ದರಿಂದ ಇಲ್ಲಿದ್ದರೂ ಮಗಳಿಗೆ ಮರಾಠಿ ತಪ್ಪುವುದಿಲ್ಲ. ಮನೆಮಾತಿನಲ್ಲಿ ಬೇರು ಬಿಟ್ಟ ಮೇಲೆ ಉಳಿದ ಭಾಷೆಗಳು ಸುಲಭ, ಹೀಗೆ. ಆಕೆ ಎಲ್ಲವನ್ನೂ ಕೇಳಿದಳು. ನಂತರ ಸಿಟ್ಟಿಲ್ಲದೆ ಹೇಳಿದಳು: “ಮಾಸ್ತರ, ನೀವು ಪಾಠಾ ಕಲಸ್ತೀರಿ, ಖರೇ. ಸಾಲೀ ಕಲಸಾಕಿ ನಾ ಅದೀನಿ. ಹೈಸ್ಕೂಲಿಗೆ ಇಕೀನ ಎಲ್ಲಿ ಕಳಸ್ಲಿ? ಕನ್ನಡ ಹೈಸ್ಕೂಲ ದೂರ. ಬಸ್ಸಿಗೆ ರೊಕ್ಕಾ, ಹೋಗಿ ಬರೂದಕ್ಕ ಹೊತ್ತಾ. ಆಗ ಮರಾಠೀಗೆ ಹಾಕಿದ್ರ ಕೂಸು ಕಂಗಾಲಾಗ್ತೈತಿ. ಈಗ ಹಾಕ್ತೀನಿ.”

ಆ ಮಾತಿನ ಮೇಲೆ ಬಹಳ ದಿನ ಯೋಚಿಸಿದ್ದೇವೆ. ಕನ್ನಡ ಸಂಘದ ಸಭೆಗಳಲ್ಲಿ ಭಾಷಾಭಿಮಾನವಿಲ್ಲದ ಪಾಲಕರೆಂದು ಇಂಥವರನ್ನು ಬೈಯುವುದು ಸುಲಭ. ಬೈಯುವವರಲ್ಲಿ ಹಲವರ ಮಕ್ಕಳು ಇಂಗ್ಲಿಷ್ ಶಾಲೆಗಳಲ್ಲಿರುವುದೂ ಸುಳ್ಳಲ್ಲ. ಈ ತಾಯಿ ಹೇಳಿದ್ದರಲ್ಲಿ ನಮಗೆ ಅಭಿಮಾನದ ಕೊರತೆ ಕಾಣಲಿಲ್ಲ, ಲೆಕ್ಕ ಕಂಡಿತು. ನಾವು ಕಲಿಸುವುದು ನಾಲ್ಕು ವರ್ಷ. ಆಕೆ ಕಲಿಸಬೇಕಾದುದು ಹನ್ನೆರಡೋ ಹದಿನೈದೋ ವರ್ಷ. ಎಪ್ರಿಲ್ ಛಾಟಣಿ, ಅಕ್ಟೋಬರ ಛಾಟಣಿ ಎಂದು ದ್ರಾಕ್ಷಿಯ ಬಳ್ಳಿಗೆ ವರ್ಷಕ್ಕೆರಡು ಸಲ ಕತ್ತರಿ ಬೀಳುವಾಗ ಸಿಕ್ಕ ಕೂಲಿಯಿಂದ ಆ ವರ್ಷಗಳನ್ನು ಆಕೆ ತುಂಬಬೇಕು. ಕನ್ನಡ ಪ್ರಾಥಮಿಕ ಶಾಲೆಯಿದ್ದು, ಅದರ ಮುಂದಿನ ಮೆಟ್ಟಿಲು ಹತ್ತಿರದಲ್ಲಿ ಇಲ್ಲದಿದ್ದರೆ, ಬಾಯಿಮಾತಿನ ಅಭಿಮಾನ ಆ ಹುಡುಗಿಯನ್ನು ಎಲ್ಲಿಯವರೆಗೆ ಓದಿಸೀತು? ಹತ್ತಿರದಲ್ಲಿ ಕನ್ನಡ ಪ್ರೌಢಶಾಲೆ ಬೇಕೆಂದು ಕೇಳುವುದು, ಅದು ಬರುವವರೆಗೆ ದೂರದ ಶಾಲೆಗೆ ಹೋಗುವ ಮಕ್ಕಳ ಬಸ್ಸಿನ ಖರ್ಚನ್ನಾದರೂ ಸಂಘಗಳು ಹೊರುವುದು, ಇವು ನಮ್ಮ ದೃಷ್ಟಿಯಲ್ಲಿ ಹತ್ತು ನಾಡಹಬ್ಬಗಳಿಗಿಂತ ಹೆಚ್ಚಿನ ಕೆಲಸಗಳು. ಈ ಪತ್ರಿಕೆಯ ಓದುಗರಲ್ಲಿ ಕೆಲವರಿಗೆ ಇದು ಖಾರವೆನಿಸಬಹುದು. ಎನಿಸಲಿ.

ಜೂನಿನಲ್ಲಿ ಶಾಲೆ ತೆರೆದ ವಾರ ಆಕೆ ದಾಖಲೆ ಒಯ್ಯಲು ಬಂದಳು. ಅದಕ್ಕೊಂದು ಅರ್ಜಿ ಬೇಕು, ಮರಾಠಿಯಲ್ಲಿ. “ಬರಕೊಡ್ರಿ ಮಾಸ್ತರ” ಎಂದಳು. ಆಕೆ ಬರೆಯಿಸಿದಳು, ನಾವು ಬರೆದೆವು. ಕೆಳಗೆ ಹೆಬ್ಬೆಟ್ಟಿಗೆಂದು ಶಾಯಿಯ ಡಬ್ಬಿಯನ್ನು ಮುಂದೆ ಸರಿಸಿದಾಗ ಆಕೆ ಬೇಡವೆಂದು ಕೈಯಾಡಿಸಿ, ಲೇಖಣಿ ತೆಗೆದುಕೊಂಡು, ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ಅನ್ನುತ್ತ ಸಹಿ ಮಾಡಿದಳು. ಸಹಿ ಕನ್ನಡದಲ್ಲಿತ್ತು. ಯಾರು ಕಲಿಸಿದರೆಂದು ಕೇಳಿದೆವು. ಬಾಗಿಲಲ್ಲಿ ನಿಂತ ಮಗಳತ್ತ ಬೆರಳು ತೋರಿಸಿದಳು. ಹುಡುಗಿಯ ತಮ್ಮನು ಆಗ ಒಂದನೆಯ ಇಯತ್ತೆಗೆ ಬಂದಿದ್ದನು. ಅವನನ್ನು ನಾಲ್ಕನೆಯದರವರೆಗೆ ನಮ್ಮಲ್ಲಿಯೇ ಇರಿಸುವಳಂತೆ. ಮುಂದಿನದನ್ನು ಹೈಸ್ಕೂಲಿನ ಮಾತು ಏನಾಗುವುದೋ ನೋಡಿ ಹೇಳುವೆನೆಂದಳು.